ಬೀಟ್ ಪೊಲೀಸ್ ಊರಲ್ಲಿ ನಿಲ್ಲಲಿ ಎಂದದ್ದಕ್ಕೆ

ಸವದತ್ತಿ ತಾಲೂಕಿನ ಮನೋಳಿಯ ಪಂಚಲಿಂಗೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತು ನಾನೊಂದು ಮಾತು ಅಂದೆ. ಬೀಟ್ ಕಾನ್‌ಸ್ಟೆಬಲ್ ಒಂದೇ ಕಡೆ ನಾಲ್ಕೈದು ವರ್ಷ ನಿಲ್ಲದೆ ಊರಿಗೂ ಅವನಿಗೂ ಗುರುತು ಬೆಳೆಯುವುದಿಲ್ಲ, ಗುರುತಿಲ್ಲದೆ ನಂಬಿಕೆ ಹುಟ್ಟುವುದಿಲ್ಲ ಎಂದು. ಚಹಾ ಆರುವುದರೊಳಗೆ ಐದು ತಕರಾರು ಬಂದವು. ಅಲ್ಲಿ ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಉತ್ತರ ಇಲ್ಲಿದೆ.

“ಪೊಲೀಸ್ ನೌಕರಿಗೆ ಮಂದಿ ಮುಗಿಬೀಳ್ತಾರ. ಹುಡುಗರು ಸಿಗಂಗಿಲ್ಲ, ನಿಲ್ಲಂಗಿಲ್ಲ ಅಂತ ಯಾಕ ಅಳತೀರಿ?” ಮುಗಿಬೀಳುವುದು ಖರೆ. ನಸುಕಿನಲ್ಲಿ ನವಿಲುತೀರ್ಥದ ಕಡೆ ಹೋಗುವ ರಸ್ತೆಯಲ್ಲಿ ನಿಂತು ನೋಡಿ. ಒಬ್ಬ ಮೊಬೈಲಿನಲ್ಲಿ ಸಮಯ ಹಿಡಿದಿರುತ್ತಾನೆ, ಏಳೆಂಟು ಹುಡುಗರು ಬರಿಗಾಲಲ್ಲಿ ಓಡುತ್ತಿರುತ್ತಾರೆ. 1600 ಮೀಟರ್, ಆರೂವರೆ ನಿಮಿಷ. ಹತ್ತು ಸೆಕೆಂಡು ತಪ್ಪಿದರೆ ಒಂದು ವರ್ಷ ಹೋದಂತೆ. ಆದರೆ ಇವರಲ್ಲಿ ಎಷ್ಟೋ ಜನ ಓಡುವುದು ಸರ್ಕಾರಿ ನೌಕರಿಗೆ, ಖಾಕಿಗೇ ಅಂತಲ್ಲ. ಕಾನ್‌ಸ್ಟೆಬಲ್ ಆದ ಮೇಲೂ ರಾತ್ರಿ ಪಾಳಿಯಲ್ಲಿ ಎಫ್‌ಡಿಎ, ಪಿಡಿಒ ಪರೀಕ್ಷೆಯ ಪುಸ್ತಕ ಓದುತ್ತಾರೆ. ಪಟ್ಟಿಯಲ್ಲಿ ಹೆಸರು ಬಂದರೆ ಹೊರಟರು. ತರಬೇತಿ ಕೊಟ್ಟದ್ದು ಇಲಾಖೆ, ಲಾಭ ಇನ್ನೊಂದು ಕಚೇರಿಗೆ. ಅವರನ್ನು ನಾನು ದೂರುವುದಿಲ್ಲ.

ಇನ್ನು ನೇಮಕದ ಕಥೆ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗೆ 54 ಸಾವಿರಕ್ಕೂ ಹೆಚ್ಚು ಜನ ಪರೀಕ್ಷೆ ಬರೆದರು. ಒಎಂಆರ್ ಹಾಳೆ ತಿದ್ದಿದ ಹಗರಣ ಹೊರಬಿತ್ತು, 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು, ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಪ್ರಾಮಾಣಿಕವಾಗಿ ಬರೆದವನ ಎರಡು ವರ್ಷಕ್ಕೆ ಯಾರು ಲೆಕ್ಕ ಕೊಟ್ಟರು? ಅದು ಮುಗಿಯಿತು ಎನ್ನುವಷ್ಟರಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ಅಧಿಸೂಚನೆ ಬೇಡ ಎಂದು 2024ರ ಅಕ್ಟೋಬರ್‌ನಲ್ಲಿ ಸಂಪುಟ ನಿರ್ಧರಿಸಿತು. ಒಳಮೀಸಲಾತಿ ನ್ಯಾಯವಾದದ್ದೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ವಯಸ್ಸು ಯಾವ ಸಂಪುಟದ ಮಾತೂ ಕೇಳುವುದಿಲ್ಲ. 2025ರಲ್ಲಿ ಧಾರವಾಡದ ಓದುವ ಕೋಣೆಗಳಿಂದ ಹುಡುಗರು ಬೀದಿಗೆ ಬಂದದ್ದು ಅದಕ್ಕೇ. ಖಾಕಿ ತೊಡುವ ಮೊದಲೇ ವ್ಯವಸ್ಥೆಯ ಮೇಲೆ ನಂಬಿಕೆ ಕಳೆದುಕೊಂಡವನು ನಾಳೆ ನಮ್ಮ ಓಣಿಗೆ ಬಂದು ನಂಬಿಕೆ ಗಳಿಸಬೇಕು!

“ಪಗಾರ ಏರಿಸ್ಯಾರಲ್ಲ, ಇನ್ನೇನು ಬೇಕು?” ಏರಿತು, ಆದರೆ ಸುಮ್ಮನೆ ಏರಲಿಲ್ಲ. 2016ರ ಜೂನ್ 4ಕ್ಕೆ ಸಾಮೂಹಿಕ ರಜೆಯ ಕರೆ ಹೊರಟು ಸರ್ಕಾರ ಬೆಚ್ಚಿದ ಮೇಲೆ ರಾಘವೇಂದ್ರ ಔರಾದ್ಕರ್ ಸಮಿತಿ ವರದಿ ಕೊಟ್ಟಿತು, 2019ರಲ್ಲಿ ಜಾರಿಯಾಯಿತು. ಆದರೆ ಆ ಕರೆಯಲ್ಲಿ ಪಗಾರದ ಜೊತೆಗೆ ಕೇಳಿದ್ದು ರಜೆಯನ್ನು. ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ನೋಡಿ: ಚಕ್ಕಡಿ, ಟ್ರ್ಯಾಕ್ಟರ್, ಭಂಡಾರದ ಧೂಳು, ಅದರ ನಡುವೆ ಒಬ್ಬ ಪೇದೆ ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನಿಂತಲ್ಲೇ ಪೊಟ್ಟಣ ಬಿಚ್ಚಿ ಚಿತ್ರಾನ್ನ ತಿನ್ನುತ್ತಿರುತ್ತಾನೆ. ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಬಂದರೆ ಡೇರೆಯಲ್ಲಿ ವಾಸ. ಅಷ್ಟು ದಿನ ಅವನ ಬೀಟ್ ಯಾರು ನೋಡಬೇಕು? 2025ರ ಅಕ್ಟೋಬರ್‌ನಲ್ಲಿ ಹಳೆಯ ಸ್ಲೌಚ್ ಹ್ಯಾಟ್ ತೆಗೆದು ನೀಲಿ ಪೀಕ್ ಕ್ಯಾಪ್ ಕೊಟ್ಟರು. ಒಳ್ಳೆಯದೇ, ತಲೆಗೆ ಹಗುರ. ವಾರದ ರಜೆ ಮನಸ್ಸಿಗೆ ಹಗುರ.

ಅಂತರ ಜಿಲ್ಲಾ ವರ್ಗಾವಣೆಯ ಸಂಕಟ ಇನ್ನೂ ದೊಡ್ಡದು. ಕಾನ್‌ಸ್ಟೆಬಲ್ ನೇಮಕ ಜಿಲ್ಲೆಯ ಘಟಕಕ್ಕೆ. ನಮ್ಮ ಕಡೆಯ ಎಷ್ಟೋ ಹುಡುಗರು ಖಾಲಿ ಹುದ್ದೆ ಹೆಚ್ಚಿದ್ದಲ್ಲಿ ಅರ್ಜಿ ಹಾಕಿ ಬೆಂಗಳೂರು, ಮಂಗಳೂರು ಸೇರುತ್ತಾರೆ. ಅವ್ವ-ಅಪ್ಪ ಸವದತ್ತಿ ತಾಲೂಕಿನಲ್ಲಿ, ಹೆಂಡತಿಯ ನೌಕರಿ ಇನ್ನೊಂದು ಜಿಲ್ಲೆಯಲ್ಲಿ. ಇಂಥವರಿಗೆ ಊರ ಕಡೆ ಬದಲಿ ಸಿಗಬೇಕು. “ನಿಲ್ಲಲಿ ಅಂತೀರಿ, ಬದಲಿನೂ ಕೊಡ್ರಿ ಅಂತೀರಿ, ಇದೇನು?” ಎಂದು ಇಲ್ಲಿ ಯಾರಾದರೂ ಕೊಕ್ಕೆ ಹಾಕಬಹುದು. ಕೊಕ್ಕೆ ಸರಿಯಾಗೇ ಇದೆ. ಆದರೆ ಊರಿಗೆ ಮರಳುವ ದಿನ ಎಣಿಸುತ್ತಾ ಕೂತವನು ಎಂಟು ವರ್ಷ ಇದ್ದರೂ ಅಲ್ಲಿ ನಿಂತಂತಲ್ಲ.

“ಸ್ಥಳೀಯರನ್ನ ಹಾಕಿದ್ರ ತಮ್ಮ ಜಾತಿ, ತಮ್ಮ ಬೀಗರ ಪರ ನಿಲ್ತಾರ.” ಐದರಲ್ಲಿ ತೂಕದ ಮಾತು ಇದೊಂದೇ. ಹಿಂದೆ ಮುಂಬೈ ಕರ್ನಾಟಕ ಎನ್ನುತ್ತಿದ್ದ ನಮ್ಮ ಭಾಗಕ್ಕೆ ಇದರ ಅನುಭವವೂ ಇದೆ. ಪೊಲೀಸ್ ಪಾಟೀಲಕಿ ಮನೆತನದಿಂದ ಬರುತ್ತಿತ್ತು. ವಾಲೀಕಾರ, ತಳವಾರರೆಲ್ಲ ಅವರ ಕೈಕೆಳಗೆ. ಯಾರ ದೂರು ಮೇಲೆ ಹೋಗಬೇಕು, ಯಾರದು ವಾಡೆಯಲ್ಲೇ ಮುಚ್ಚಬೇಕು ಎಂಬುದು ವಾಡೆಯಲ್ಲೇ ತೀರ್ಮಾನ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಅದನ್ನು ಕಿತ್ತುಹಾಕಿದ್ದು ಒಳ್ಳೆಯದಾಯಿತು, ಅಡ್ಡಹೆಸರಷ್ಟೇ ಉಳಿದಿದೆ. ಆದರೆ ಪಾಟೀಲಕಿಯ ದೋಷ ಅದು ಊರಿನದಾಗಿದ್ದುದಲ್ಲ, ಅಪ್ಪನಿಂದ ಮಗನಿಗೆ ಬರುತ್ತಿದ್ದುದು, ಕೇಳುವವರಿಲ್ಲದ್ದು. ಮನೋಳಿಯವನನ್ನು ಮನೋಳಿಗೇ ಹಾಕಿ ಎಂದು ನಾನು ಹೇಳಿಲ್ಲ. ರಾಮದುರ್ಗದವನು ಇಲ್ಲಿಗೆ ಬರಲಿ, ಇಲ್ಲಿಯವನು ಬೈಲಹೊಂಗಲಕ್ಕೆ ಹೋಗಲಿ. ಮಾತು ತಿಳಿಯುತ್ತದೆ, ಬೀಗತನ ಅಡ್ಡ ಬರುವುದಿಲ್ಲ. ಠಾಣೆಯಲ್ಲಿ ಎಲ್ಲ ಜಾತಿಯವರೂ, ಹೆಣ್ಣುಮಕ್ಕಳೂ ಇರಲಿ.

“ಹೆದರಿಕಿ ಇಲ್ದ ಕಾಯ್ದೆ ನಡ್ಯಂಗಿಲ್ಲ. ಜನಸ್ನೇಹಿ ಅನ್ನೂದು ಬೋರ್ಡಿಗೆ ಚಂದ.” ಹೊಳೆ ದಂಡೆಯಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕಳುವಾದಾಗ ನಾವು ಏನು ಮಾಡುತ್ತೇವೆ? ಸುಟ್ಟ ತಾಮ್ರದ ವಾಸನೆ ಯಾವ ಹೊಲದಿಂದ ಬಂತೆಂದು ಪಕ್ಕದ ಹೊಲದವನಿಗೆ ಗೊತ್ತಿರುತ್ತದೆ. ಹೇಳುವುದಿಲ್ಲ. ಹೇಳಿದರೆ ಸಾಕ್ಷಿ, ಠಾಣೆ, ಕೋರ್ಟು ಎಂದು ಅಲೆದಾಟ. ಕಳ್ಳ ಹೆದರಿ ಕಳುವು ಬಿಟ್ಟಿಲ್ಲ, ಹೆದರಿ ಬಾಯಿ ಮುಚ್ಚಿದವನು ಸಾಕ್ಷಿ. ದಿನಾ ಕಟ್ಟೆಯ ಮೇಲೆ ಕೂತು ಹೋಗುವ, ಹೆಸರು ಹಿಡಿದು ಕರೆಯುವ ಬೀಟ್‌ನವನಿದ್ದರೆ ಅದೇ ಮಾತು ಎಲೆ-ಅಡಿಕೆ ಜೊತೆ ಹೊರಬರುತ್ತದೆ. 2017ರಲ್ಲಿ ಬೀಟ್ ಸುಧಾರಿಸಿ ಪ್ರತಿ ಪೇದೆಗೆ ಒಂದೊಂದು ಪ್ರದೇಶ ಹಂಚಿದ್ದು, 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಎಂದು ಬಾಗಿಲಿಗೇ ಕಳಿಸಿದ್ದು ಇದೇ ತಿಳಿವಳಿಕೆಯಿಂದ. ಯೋಜನೆ ಚೆನ್ನಾಗಿದೆ. ಬಾಗಿಲಿಗೆ ಪ್ರತಿ ಸಲ ಹೊಸ ಮುಖ ಬಂದರೆ ಅದು ಜನಗಣತಿ.

“ಈಗ ಕ್ಯಾಮೆರಾ ಐತಿ, 112 ಐತಿ. ಬೀಟ್‌ಗೀಟ್ ಹಳೇ ಕಾಲದ್ದು.” 112 ಬೇಕು, ನಾನೂ ಬಳಸುವವನೇ. ಗಾಡಿ ಬರುತ್ತದೆ. ಪೇಟೆ ದಾಟಿದ ಮೇಲೆ ತಿರುಗಿ ಫೋನ್ ಮಾಡಿ ಕೇಳುತ್ತದೆ: “ಸರ್, ಯಾವ ಓಣಿ ಅಂದ್ರಿ?”