ಒಗೆಯುವ ಯಂತ್ರ ಬೇಕು, ಒಣಗಿಸುವ ಯಂತ್ರ ಬೇಡ



ನೀವು ವಾಚನಾಲಯದ ಕಟ್ಟೆಯ ಮೇಲೆ ಕುಳಿತು ಈ ಪುಟ ಓದುತ್ತಿರುವ ಹೊತ್ತಿನಲ್ಲಿ ನಿಮ್ಮ ಮನೆಯ ಹೆಣ್ಣುಮಗಳು ಎಲ್ಲಿದ್ದಾಳೆ? ಬಹಳ ಮಾಡಿ ಒಗೆಯುವ ಕಲ್ಲಿನ ಹತ್ತಿರ ಇರುತ್ತಾಳೆ.

‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕೈಗೆ ಹತ್ತಿದ ಕೆಸರು ಒಂದು ಚರಿಗೆ ನೀರಿಗೆ ಹೋಗುತ್ತದೆ. ಧೋತರಕ್ಕೆ, ಅಂಗಿಗೆ, ಸೀರೆಯ ಸೆರಗಿಗೆ ಹತ್ತಿದ ಕೆಸರು ಹಾಗೆ ಹೋಗುವುದಿಲ್ಲ. ರೋಣ, ನರಗುಂದ ಸೀಮೆಯ ಎರೆಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಹಸಿಯಿದ್ದಾಗ ಮೇಣದಂತೆ ಅಂಟುತ್ತದೆ, ಒಣಗಿದರೆ ನೂಲಿನ ಎಳೆಯೊಳಗೆ ಹೊಕ್ಕು ಕೂಡುತ್ತದೆ. ಗಜೇಂದ್ರಗಡದ ಕಡೆಯ ಮಸಾರಿ ಮಣ್ಣು ತನ್ನ ಬಣ್ಣವನ್ನೇ ಅರಿವೆಗೆ ಕೊಟ್ಟು ಹೋಗುತ್ತದೆ. ಹೊಲದ ಕೆಲಸ ನಾಲ್ಕು ಮಂದಿ ಮಾಡಿದರೆ ಆ ನಾಲ್ವರ ಅರಿವೆ ಒಗೆಯುವವಳು ಒಬ್ಬಳೇ. ಆಕೆಯೂ ಹೊಲಕ್ಕೆ ಹೋಗಿ ಬಂದವಳೇ.

ಬಿತ್ತುವುದಕ್ಕೆ, ರಾಶಿ ಮಾಡುವುದಕ್ಕೆ, ಔಷಧಿ ಹೊಡೆಯುವುದಕ್ಕೆ ಯಂತ್ರ ತಂದಾಗ ಯಾರೂ ನಮ್ಮನ್ನು ಸೋಮಾರಿಗಳೆನ್ನಲಿಲ್ಲ. ಒಗೆಯುವ ಯಂತ್ರದ ಮಾತು ಬಂದಾಗ ಮಾತ್ರ ‘ಹೆಣ್ಣುಮಕ್ಕಳು ಮೈಗಳ್ಳರಾಗುತ್ತಾರೆ’ ಎಂಬ ಮಾತು ಕೇಳಿಬರುತ್ತದೆ. ಈ ಮಾತು ನ್ಯಾಯವಲ್ಲ. ಒಗೆಯುವ ಯಂತ್ರವನ್ನು ಒಕ್ಕಲುತನದ ಸಾಧನಗಳ ಸಾಲಿಗೇ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಡಿಗೆ ನೋಡಿ ಕೊಳ್ಳುವ ನಾವು, ಯಂತ್ರವನ್ನು ಮಾತ್ರ ಅದರ ಹೊಳಪು ನೋಡಿ ಕೊಳ್ಳುತ್ತೇವೆ.

ನಮ್ಮ ಮನೆಯಲ್ಲಿಯೇ ಆದ ಮಾತು ಹೇಳುತ್ತೇನೆ. ಅಂಗಡಿಯವರ ಮಾತು ಕೇಳಿ ಗುಂಡಿ ಒತ್ತಿದರೆ ಎಲ್ಲವನ್ನೂ ತಾನೇ ಮಾಡುವ ಯಂತ್ರವೊಂದನ್ನು ತಂದೆವು. ಅದಕ್ಕೆ ನಳದಿಂದ ಎಡೆಬಿಡದೆ, ರಭಸದಿಂದ ನೀರು ಬೇಕು. ನಮ್ಮ ನಳಕ್ಕೆ ನೀರು ಬರುವುದು ಅದರ ಮನಸ್ಸು ಬಂದಾಗ. ಎರಡು ತಿಂಗಳು ಒದ್ದಾಡಿದ ಮೇಲೆ ಆ ಯಂತ್ರ ಹೆಸರಿನ ಬೀಜದ ಚೀಲ ಇಡುವ ಮೇಜಾಯಿತು. ತಪ್ಪು ಯಂತ್ರದ್ದಲ್ಲ, ಅಂಗಡಿಯವರದ್ದೂ ಅಲ್ಲ. ಮನೆಯ ನೀರನ್ನು ಲೆಕ್ಕ ಹಾಕದೆ ಹೋದ ನನ್ನದು.

ಮೊದಲು ನೀರಿನ ಲೆಕ್ಕ

ನೀರಿನ ಬೆಲೆಯನ್ನು ಈ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಬೀದಿಗಿಳಿದದ್ದು ಮಲಪ್ರಭೆಯ ನೀರಿನ ಕರ ಮತ್ತು ಬೆಟರ್‌ಮೆಂಟ್ ಲೆವಿಯ ವಿರುದ್ಧವೇ. ಆದಕಾರಣ ಹೊಲದ ನೀರಿನಂತೆ ಬಚ್ಚಲ ನೀರನ್ನೂ ಲೆಕ್ಕ ಹಾಕಿರಿ.

ಮೇಲಿನಿಂದ ಅರಿವೆ ತುಂಬುವ, ಎಲ್ಲವನ್ನೂ ತಾನೇ ಮಾಡುವ ಯಂತ್ರ ಒಂದು ಒಬ್ಬೆಗೆ ನೂರು ಲೀಟರಿಗೂ ಮೇಲ್ಪಟ್ಟು ನೀರು ಕುಡಿಯುತ್ತದೆ. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಏಳೆಂಟು ಕೊಡ. ಬಳಸಿದ ನೀರನ್ನೆಲ್ಲ ಅದು ಹೊರಗೆ ಚೆಲ್ಲಿಬಿಡುತ್ತದೆ. ಮುಂದಿನಿಂದ ಬಾಗಿಲು ತೆರೆಯುವ ಯಂತ್ರಕ್ಕೆ ಇದರ ಅರ್ಧದಷ್ಟು ನೀರು ಸಾಕು. ಆದರೆ ಅದರ ಬೆಲೆ ಹೆಚ್ಚು, ಅದಕ್ಕೂ ನಳದ ರಭಸ ಬೇಕು.

ರಭಸ ಬೇಕೆಂದರೆ ಮಾಳಿಗೆಯ ಮೇಲೆ ಟಾಕಿ ಇರಬೇಕು. ಇಲ್ಲಿಯೇ ಎಚ್ಚರ ಬೇಕು. ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಸಾಕಷ್ಟಿವೆ. ಐದು ನೂರು ಲೀಟರಿನ ಟಾಕಿ ತುಂಬಿದರೆ ನೀರಿನ ತೂಕವೇ ಐದು ಕ್ವಿಂಟಲ್. ಐದು ಚೀಲ ಜೋಳವನ್ನು ಒಂದೇ ಜಾಗದಲ್ಲಿ, ಮಳೆಗಾಲ ಬೇಸಿಗೆಯೆನ್ನದೆ ಮಾಳಿಗೆಯ ಮೇಲೆ ಒಟ್ಟಿದಂತೆ. ಹಳೆಯ ಜಂತಿ ಅದನ್ನು ತಡೆಯುತ್ತದೆಂದು ನಂಬಬೇಡಿರಿ. ಟಾಕಿ ಇಡಲೇಬೇಕಿದ್ದರೆ ಹಿತ್ತಲಲ್ಲಿ ಬೇರೆ ಕಂಬ ಎಬ್ಬಿಸಿ ಇಡಿರಿ.

ಇನ್ನೂ ಒಂದು ಮಾತು. ಹೊರಗಿನಿಂದ ನೀರು ಹೊತ್ತು ತಂದು ಯಂತ್ರ ತುಂಬುವುದಾದರೆ, ಸೊಂಟದಲ್ಲಿದ್ದ ನೋವು ತಲೆಯ ಮೇಲೆ ಏರಿತು, ಅಷ್ಟೇ. ಅಂಥ ಮನೆಯವರು ಮೊದಲು ನೀರು ಹಿಡಿದಿಡುವ ತೊಟ್ಟಿ ಕಟ್ಟಿಸಿರಿ. ಅದರ ಪಕ್ಕದಲ್ಲಿ ಒಗೆಯುವ ಕಲ್ಲನ್ನು ಸೊಂಟದ ಎತ್ತರಕ್ಕೆ ಏರಿಸಿರಿ. ನಿಂತು ಒಗೆಯುವಂತಾದರೆ ಬೆನ್ನಿಗೂ ಮೊಣಕಾಲಿಗೂ ಅರ್ಧ ಬಿಡುಗಡೆ. ಯಂತ್ರ ಮುಂದಿನ ಸುಗ್ಗಿಗೆ ಬರಲಿ.

ಯಾವ ಯಂತ್ರ ಹಿಡಿಸುತ್ತದೆ?

ನಮ್ಮ ಹಳ್ಳಿಗಳ ಹೆಚ್ಚಿನ ಮನೆಗಳಿಗೆ ಹೊಂದುವುದು ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಯಂತ್ರವೆಂದು ನನ್ನ ಅಭಿಪ್ರಾಯ. ಒಂದು ತೊಟ್ಟಿ ಒಗೆಯಲು, ಇನ್ನೊಂದು ಹಿಂಡಲು. ನಳದ ರಭಸ ಬೇಡ, ಕೊಡದಿಂದ ಸುರಿದರೂ ನಡೆಯುತ್ತದೆ. ಒಂದೇ ನೀರಿನಲ್ಲಿ ಮೊದಲು ಬಿಳಿಯವು, ಆಮೇಲೆ ಬಣ್ಣದವು, ಕೊನೆಗೆ ಹೊಲದವು ಎಂದು ಮೂರು ಒಬ್ಬೆ ತೆಗೆಯಬಹುದು. ಕೊನೆಯ ಸಲ ಜಾಲಿಸಿದ ನೀರನ್ನು ಬಕೀಟಿನಲ್ಲಿ ಹಿಡಿದರೆ ಮರುದಿನ ಹೊಲದ ಅರಿವೆ ನೆನೆಹಾಕಲು ಬರುತ್ತದೆ. ಬೆಲೆಯೂ ಕಡಿಮೆ. ತಿರುವುವ ಗುಂಡಿಯ ಯಂತ್ರವಾದ್ದರಿಂದ ಕೆಟ್ಟರೆ ತಾಲೂಕಿನ ಊರಿನಲ್ಲಿಯೇ ರಿಪೇರಿ ಸಿಗುತ್ತದೆ. ಎಲ್ಲವನ್ನೂ ತಾನೇ ಮಾಡುವ ಯಂತ್ರದೊಳಗೆ ಇಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ನಮ್ಮ ವೋಲ್ಟೇಜಿನ ಏರಿಳಿತಕ್ಕೆ ಅದು ಸುಟ್ಟರೆ ಖರ್ಚು ಸಣ್ಣದಲ್ಲ.

ಇದರಲ್ಲಿಯೂ ಕೊರತೆಯಿದೆ. ಒಗೆದ ಅರಿವೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಕೈಯಿಂದ ಎತ್ತಿ ಹಾಕಬೇಕು, ಹತ್ತಿರ ನಿಂತಿರಬೇಕು. ಆದ್ದರಿಂದ ನೀರಿಗೆ ಬರವಿಲ್ಲದ, ಆರ್‌ಸಿಸಿ ಮನೆಯುಳ್ಳ, ಕರೆಂಟು ಸರಿಯಿರುವವರು ಇನ್ನೊಂದು ಬಗೆಯದನ್ನು ತಂದರೆ ತಪ್ಪೆನ್ನಲಾರೆ.

ಕೊಳ್ಳುವಾಗ ಕೆಲವು ಸಂಗತಿ ನೆನಪಿಡಿರಿ. ಏಳು ಕಿಲೊ ಯಂತ್ರವೆಂದರೆ ಏಳು ಕಿಲೊ ಒಣ ಅರಿವೆ, ಹಸಿಯದಲ್ಲ. ಹಿಂಡುವ ತೊಟ್ಟಿ ಅದಕ್ಕಿಂತ ಕಡಿಮೆ ಹಿಡಿಯುತ್ತದೆ. ಕೌದಿ ಮತ್ತು ಕಂಬಳಿಯನ್ನು ಯಂತ್ರಕ್ಕೆ ಹಾಕಲೇಬೇಡಿರಿ. ನೀರು ಕುಡಿದ ಕೌದಿಯ ಭಾರಕ್ಕೆ ಮೋಟಾರು ಸೋಲುತ್ತದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಗಜೇಂದ್ರಗಡದ ಕೈಮಗ್ಗದ ಸೀರೆ ಇವು ಕೈಯಿಂದಲೇ ಆಗಬೇಕು, ಅದೂ ತಣ್ಣೀರಿನಲ್ಲಿ, ಬೇರೆಯಾಗಿ. ಕೆಳಗಡೆ ಇಲಿ ಹೋಗದಂತೆ ಮುಚ್ಚಿದ ಯಂತ್ರವನ್ನೇ ಆರಿಸಿರಿ, ಕಾಳಿನ ಚೀಲವಿರುವ ಮನೆಯಲ್ಲಿ ಇಲಿ ವೈರು ಕಡಿಯದೆ ಬಿಡುವುದಿಲ್ಲ. ಮೋಟಾರಿಗೆ ಕೊಟ್ಟ ಗ್ಯಾರಂಟಿ ಬೇರೆ, ಇಡೀ ಯಂತ್ರಕ್ಕೆ ಕೊಟ್ಟದ್ದು ಬೇರೆ. ಎರಡನ್ನೂ ಬಿಡಿಬಿಡಿಯಾಗಿ ಕೇಳಿ, ಕಾರ್ಡಿನ ಮೇಲೆ ಅಂಗಡಿಯ ಶಿಕ್ಕೆ ಹಾಕಿಸಿಕೊಳ್ಳಿರಿ.

ಕೆಸರಿನ ಅರಿವೆಯನ್ನು ನೇರವಾಗಿ ಯಂತ್ರಕ್ಕೆ ತುಂಬಬಾರದು. ಒಣಗಿಸಿ ಝಾಡಿಸಿ, ಬಕೀಟಿನಲ್ಲಿ ಒಮ್ಮೆ ನೆನೆಸಿ, ಕೆಸರು ಬಿಟ್ಟ ಮೇಲೆ ಹಾಕಿರಿ. ಕೊಳವೆಬಾವಿಯ ನೀರು ಗಡಸಾಗಿದ್ದರೆ ಅದರಲ್ಲಿನ ಸುಣ್ಣದ ಅಂಶ ಸಾಬೂನನ್ನು ನೊರೆಯಾಗಲು ಬಿಡುವುದಿಲ್ಲ, ಯಂತ್ರದೊಳಗೂ ಬಿಳಿ ಹಕ್ಕಳೆ ಕಟ್ಟುತ್ತದೆ. ಗಡಸು ನೀರಿಗೆ ಸಾಬೂನಿಗಿಂತ ಡಿಟರ್ಜಂಟ್ ಪುಡಿ ಮೇಲು. ಮಳೆಯ ನೀರು ಹಿಡಿದಿಟ್ಟರಂತೂ ಪುಡಿಯ ಖರ್ಚು ಬಹಳ ಇಳಿಯುತ್ತದೆ. ಆದರೆ ಒಗೆದ ನೀರನ್ನು ಕೈತೋಟಕ್ಕೆ ದಿನಾಲೂ ಬಿಡಬೇಡಿರಿ. ಪುಡಿಯಲ್ಲಿರುವ ಸೋಡಾ ಸೇರಿದಂತೆ ಎರೆಮಣ್ಣು ಬಿಗಿಯುತ್ತದೆ, ನೀರು ಇಂಗುವುದಿಲ್ಲ. ನರಗುಂದದ ಕಾಲುವೆ ಸೀಮೆಯಲ್ಲಿ ಸವಳಾದ ಹೊಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಔಷಧಿ ಹೊಡೆದ ಅಂಗಿ

ಯಂತ್ರ ಬೇಕೆನ್ನಲು ನನಗೆ ಎಲ್ಲಕ್ಕೂ ದೊಡ್ಡ ಕಾರಣ ಇದು. ಮೆಣಸಿನಕಾಯಿಗೆ, ಹತ್ತಿಗೆ, ಕಡಲೆಗೆ ಔಷಧಿ ಹೊಡೆದು ಬಂದು ನಾವು ಅಂಗಿ ಕಳಚಿ ಬಚ್ಚಲಿಗೆ ಎಸೆಯುತ್ತೇವೆ. ಅದನ್ನು ಬರಿಗೈಯಲ್ಲಿ ತಿಕ್ಕುವವಳು ಆಕೆ. ಡಬ್ಬಿಯ ಮೇಲೆ ಅಚ್ಚಾದ ಎಚ್ಚರಿಕೆಯನ್ನು ನಾವಾದರೂ ಓದಿರುತ್ತೇವೆ, ಆಕೆಗೆ ಯಾರೂ ಓದಿ ಹೇಳಿರುವುದಿಲ್ಲ.

ಆ ಅಂಗಿಯನ್ನು ಅಂದೇ ಒಗೆಯಬೇಕು, ಮನೆಯವರ ಅರಿವೆಯ ಸಂಗಡ, ವಿಶೇಷವಾಗಿ ಮಕ್ಕಳ ಅರಿವೆಯ ಸಂಗಡ, ಸೇರಿಸಬಾರದು. ರಬ್ಬರಿನ ಕೈಚೀಲ ಹಾಕಿಕೊಂಡು ನೀವೇ ಯಂತ್ರಕ್ಕೆ ಹಾಕಿರಿ. ಎರಡು ಸಲ ಒಗೆದು ಬಿಸಿಲಿಗೆ ಹಾಕಿರಿ. ಆಮೇಲೆ ಬರಿ ನೀರು, ಪುಡಿ ಹಾಕಿ ಖಾಲಿ ಯಂತ್ರವನ್ನು ಒಮ್ಮೆ ತಿರುಗಿಸಿರಿ. ಆ ನೀರು ದನದ ಬಾನಿಗೂ, ಹಳ್ಳಕ್ಕೂ, ಕೆರೆಗೂ ಹೋಗಬಾರದು. ನೀರು ಬೆರೆಸದ ಔಷಧಿಯೇ ಮೈಮೇಲೆ ಚೆಲ್ಲಿದ್ದರೆ ಆ ಅಂಗಿಯ ಆಸೆ ಬಿಟ್ಟುಬಿಡಿರಿ.

ಒಣಗಿಸುವ ಯಂತ್ರದ ಮಾತು

ಅಂಗಡಿಯಲ್ಲಿ ‘ಡ್ರಾಯರ್’ ಎಂಬ ಒಂದೇ ಹೆಸರಿನಲ್ಲಿ ಎರಡು ವಸ್ತುಗಳಿವೆ. ಸೆಮಿ ಆಟೊಮ್ಯಾಟಿಕ್‌ನ ಎರಡನೆಯ ತೊಟ್ಟಿ ಅರಿವೆಯನ್ನು ಗರಗರ ತಿರುಗಿಸಿ ನೀರು ಹಿಂಡುತ್ತದೆ, ಒಣಗಿಸುವುದಿಲ್ಲ. ಇದು ಬೇಕಾದದ್ದೇ. ಹಿಂಡುವಾಗ ಮುಂಗೈಗೆ ಬೀಳುವ ಜಗ್ಗು ತಪ್ಪುತ್ತದೆ, ಜಡಿಮಳೆಯ ದಿನಗಳಲ್ಲಿ ಪಡಸಾಲೆಯ ಹಗ್ಗದ ಮೇಲೆಯೂ ಅರಿವೆ ಬೇಗ ಆರುತ್ತದೆ.

ಇನ್ನೊಂದು, ಬಿಸಿಗಾಳಿಯಿಂದ ಪೂರ್ತಿ ಒಣಗಿಸುವ ಬೇರೆ ಯಂತ್ರ. ಇದು ವರ್ಷದಲ್ಲಿ ಬಹುಭಾಗ ಹಿಮ, ಮಂಜು, ಮಳೆ ಇರುವ ನಾಡಿನವರಿಗೆ ಸರಿ. ಎರಡೂವರೆ ಸಾವಿರ ವಾಟಿನ ಇಂಥ ಯಂತ್ರ ಒಂದು ತಾಸು ನಡೆದರೆ ಎರಡೂವರೆ ಯೂನಿಟ್. ತಿಂಗಳಿಗೆ ಇಪ್ಪತ್ತು ಸಲವಾದರೆ ಐವತ್ತು ಯೂನಿಟ್. ಒಗೆಯುವ ಸೆಮಿ ಆಟೊಮ್ಯಾಟಿಕ್‌ನ 350 ವಾಟಿನ ಮೋಟಾರು ಅರ್ಧ ತಾಸು ನಡೆದರೆ ಕಾಲು ಯೂನಿಟ್ ಕೂಡ ಆಗುವುದಿಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆಯ ಮೇಲೆ ಮಿತಿ ಇಟ್ಟಿದ್ದಾರೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೇ. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದ್ದೀರಿ. ಕರೆಂಟು ಹುಟ್ಟಿಸುವಷ್ಟು ಗಾಳಿ ಬೀಸುವ ಸೀಮೆಯಲ್ಲಿ, ಅದೇ ಕರೆಂಟನ್ನು ಸುಟ್ಟು ಧೋತರ ಒಣಗಿಸುವುದು ಯಾವ ಜಾಣತನ?

ಜೀವದ ಮಾತು

ಒದ್ದೆ ಬಚ್ಚಲಲ್ಲಿ ಬರಿಗಾಲಲ್ಲಿ ನಿಂತವಳಿಗೆ ಕರೆಂಟು ಹೊಡೆದರೆ ಎರಡನೆಯ ಅವಕಾಶವಿಲ್ಲ. ಮೂರು ಪಿನ್ನಿನ ಪ್ಲಗ್ ಇದ್ದರೆ ಸಾಲದು, ಅರ್ಥಿಂಗ್ ನಿಜವಾಗಿ ನೆಲ ಮುಟ್ಟಿರಬೇಕು. ಬೇಸಿಗೆಯಲ್ಲಿ ಎರೆನೆಲ ಬಿರುಕು ಬಿಟ್ಟಾಗ ಅರ್ಥಿಂಗ್ ಕಂಬಿಯ ಸುತ್ತಲ ಮಣ್ಣು ಒಣಗಿ ಬಿಟ್ಟುಕೊಳ್ಳುತ್ತದೆ. ಆ ಗುಂಡಿಗೆ ಆಗಾಗ ನೀರು ಹಾಕಿರಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನು ಬಲ್ಲ ವೈರ್‌ಮನ್‌ನಿಂದ ಹಾಕಿಸಿರಿ. ಯಂತ್ರ ಬಚ್ಚಲ ಹೊರಗೆ, ಒಣ ಕಟ್ಟೆಯ ಮೇಲೆ ಇರಲಿ. ಇಷ್ಟು ಖರ್ಚು ಮಾಡಲಾರೆನೆಂದರೆ ಯಂತ್ರವನ್ನೇ ತರಬೇಡಿರಿ.

ಕೊನೆಗೆ, ಆರಿಸುವವರು ಯಾರು?

2023ರ ಆಗಸ್ಟ್‌ನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿಯ ತಿಂಗಳಿಗೆ 2000 ರೂಪಾಯಿ ಜಮೆಯಾಗುವುದು ಮನೆಯ ಯಜಮಾನಿಯ ಖಾತೆಗೆ. ಆ ಹಣ ಕೂಡಿಟ್ಟು ಆಕೆ ಯಂತ್ರ ಕೊಳ್ಳುತ್ತೇನೆಂದರೆ ಅಡ್ಡಗಾಲು ಹಾಕಬೇಡಿರಿ. ಆಕೆಯ ಹಣವನ್ನೇ ನೆಚ್ಚಿಕೊಂಡು ಕೂಡಲೂ ಬೇಡಿರಿ, ಕೆಸರು ಮಾಡಿದ ಅರಿವೆ ನಮ್ಮದು. ಕಡಲೆ ಮಾರಿದ ಹಣದಲ್ಲಿ ಅರ್ಧವನ್ನಾದರೂ ಹಾಕಿರಿ. ಅಂಗಡಿಗೆ ಆಕೆಯನ್ನು ಕರೆದೊಯ್ಯಿರಿ. ತೊಟ್ಟಿಯ ಎತ್ತರ ಆಕೆಯ ಸೊಂಟಕ್ಕೆ ಸರಿಯೇ, ಗುಂಡಿಯ ಬರಹ ಆಕೆಗೆ ತಿಳಿಯುತ್ತದೆಯೇ ಎಂಬುದನ್ನು ಆಕೆಯೇ ಹೇಳಬೇಕು.

ಸ್ವೀಡನ್ನಿನ ಹ್ಯಾನ್ಸ್ ರೋಸ್ಲಿಂಗ್ ಎಂಬ ವೈದ್ಯರು 2010ರಲ್ಲಿ ಒಂದು ಭಾಷಣದಲ್ಲಿ ತಮ್ಮ ಬಾಲ್ಯದ ಸಂಗತಿ ಹೇಳಿದ್ದರು. ಮನೆಗೆ ಒಗೆಯುವ ಯಂತ್ರ ಬಂದ ದಿನ ಅಜ್ಜಿ ಅದು ತಿರುಗುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತ ಕುಳಿತಿದ್ದರಂತೆ. ತಾಯಿಯಾದರೋ ಉಳಿದ ವೇಳೆಯಲ್ಲಿ ಮಗನ ಕೈ ಹಿಡಿದು ಗ್ರಂಥಾಲಯಕ್ಕೆ ನಡೆದರಂತೆ.

ನಮ್ಮ ವಾಚನಾಲಯಗಳಲ್ಲಿ ಎಷ್ಟು ಮಂದಿ ಹೆಣ್ಣುಮಕ್ಕಳು ಕುಳಿತಿದ್ದಾರೆಂದು ಒಮ್ಮೆ ಸುತ್ತಲೂ ನೋಡಿರಿ. ಈ ಹಾಳೆಯನ್ನು ಮಡಿಸಿ ಮನೆಗೆ ಒಯ್ಯಲು ವಾಚನಾಲಯದವರು ಬಿಡಲಿಕ್ಕಿಲ್ಲ. ಓದಿದ್ದನ್ನು ಮನೆಯಾಕೆಗೆ ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ.