ಯಾವ ಊರು, ಯಾರ ಪೈಕಿ?

ನಮ್ಮ ಸಾಗರದ ಕಡೆ ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಮೊದಲು ಕೇಳೋದು ಎರಡೇ ಪ್ರಶ್ನೆ: 'ಯಾವ ಊರು? ಯಾರ ಪೈಕಿ?' ಇವೆರಡಕ್ಕೆ ಉತ್ತರ ಸಿಗೋ ತನಕ ಪಾಯಸ ಬಡಿಸಿದ್ದೂ ಅವರ ಗಮನಕ್ಕೆ ಬರೋಲ್ಲ. 2025ರ ಮೇ 8ರಂದು ಇಲ್ಲಿ ಶಿಕಾಗೋದಲ್ಲಿ ಕೂತು ಹೊಸ ಪೋಪ್ ಆಯ್ಕೆಯಾಗಿದ್ದನ್ನ ನೋಡಿದಾಗಿನಿಂದ ನನಗೆ ಆ ಎರಡು ಪ್ರಶ್ನೆಗಳದ್ದೇ ನೆನಪು.

ಅವತ್ತು ಗುರುವಾರ. ನಮಗೆ ಬೆಳಿಗ್ಗೆ ಹನ್ನೊಂದು ದಾಟಿದಾಗ ರೋಮಿನಲ್ಲಿ ಸಂಜೆ ಆರು. ಸಿಸ್ಟೀನ್ ಚಾಪೆಲ್‌ನ ಚಿಮಣಿಯಲ್ಲಿ ಬಿಳಿ ಹೊಗೆ ಬಂತು. ಏಪ್ರಿಲ್ 21ರಂದು ತೀರಿಕೊಂಡ ಪೋಪ್ ಫ್ರಾನ್ಸಿಸ್ ಅವರ ಜಾಗಕ್ಕೆ 133 ಕಾರ್ಡಿನಲ್‌ಗಳು ಎರಡನೇ ದಿನವೇ, ನಾಲ್ಕನೇ ಸುತ್ತಿನಲ್ಲಿ ಒಬ್ಬರನ್ನ ಆರಿಸಿಬಿಟ್ಟಿದ್ದರು. ಯಾರು ಅಂತ ಗೊತ್ತಾಗೋಕೆ ಇನ್ನೂ ಒಂದು ಗಂಟೆ ಕಾಯಬೇಕಿತ್ತು. ಆಫೀಸಿನ ಊಟದ ಕೋಣೆಯ ಟಿವಿಯಲ್ಲಿ ರಾಬರ್ಟ್ ಪ್ರಿವೋಸ್ಟ್ ಅನ್ನೋ ಹೆಸರು ಬಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿಕಾಗೋದಲ್ಲಿ ಹುಟ್ಟಿ, ಇಲ್ಲೇ ದಕ್ಷಿಣಕ್ಕಿರುವ ಡಾಲ್ಟನ್‌ನಲ್ಲಿ ಬೆಳೆದ ಮನುಷ್ಯ! ಅಮೆರಿಕದ ಮೊದಲ ಪೋಪ್, ಹದಿನಾಲ್ಕನೇ ಲಿಯೋ.

ಇನ್ನು ದೇವರು, ಧರ್ಮದ ಮಾತು ಶುರುವಾಗಬಹುದು ಅಂದುಕೊಂಡೆ. ಊಹೂಂ, ಮೊದಲ ಪ್ರಶ್ನೆ ಬಂದಿದ್ದು ಬೇಸ್‌ಬಾಲ್ ಬಗ್ಗೆ! 'ಕಬ್ಸ್ ಕಡೆಯವರೋ, ವೈಟ್ ಸಾಕ್ಸ್ ಕಡೆಯವರೋ?' ಈ ಊರಿನ ಉತ್ತರದವರಿಗೆ ಕಬ್ಸ್, ದಕ್ಷಿಣದವರಿಗೆ ಸಾಕ್ಸ್. ಕಬ್ಸ್‌ನವರು ತಮ್ಮ ಮೈದಾನದ ಬೋರ್ಡಿನ ಮೇಲೆ ಪೋಪ್ ನಮ್ಮವರು ಅಂತ ಬರೆದೇಬಿಟ್ಟರು. ಸಂಜೆ ಹೊತ್ತಿಗೆ ಪೋಪ್ ಅವರ ಅಣ್ಣನೇ ಟಿವಿಯಲ್ಲಿ, ಇಲ್ಲ, ಅವನು ಯಾವತ್ತೂ ಸಾಕ್ಸ್ ಅಂದರು. 2005ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಪ್ರೇಕ್ಷಕರ ನಡುವೆ ಅವರು ಕೂತಿದ್ದ ವಿಡಿಯೋನೂ ಸಿಕ್ತು. ಅಲ್ಲಿಗೆ 'ಯಾರ ಪೈಕಿ' ಅನ್ನೋದು ಇತ್ಯರ್ಥವಾಯ್ತು!

ಇದು ನಗೋ ವಿಷಯ. ರಾಜಕೀಯದ ಕಡೆ ನಗು ಇರಲಿಲ್ಲ. ಅಧ್ಯಕ್ಷ ಟ್ರಂಪ್ ದೇಶಕ್ಕೆ ದೊಡ್ಡ ಗೌರವ ಅಂದರೆ, ಅವರದೇ ಬೆಂಬಲಿಗರಲ್ಲಿ ಲಾರಾ ಲೂಮರ್ ಅಂಥವರು ಅವತ್ತೇ ಮಾರ್ಕ್ಸ್‌ವಾದಿ ಅಂತ ಮುದ್ರೆ ಒತ್ತಿದರು. ಅದಕ್ಕೆ ಸಿಕ್ಕ ಪುರಾವೆಗಳಲ್ಲೊಂದು ಕುತೂಹಲದ್ದು. ಆ ವರ್ಷದ ಜನವರಿಯಲ್ಲಿ ಉಪಾಧ್ಯಕ್ಷ ವ್ಯಾನ್ಸ್, ಕ್ರೈಸ್ತ ಪ್ರೀತಿಗೊಂದು ಸರದಿ ಇದೆ, ಮೊದಲು ಮನೆಯವರು, ಆಮೇಲೆ ನೆರೆಯವರು, ಆಮೇಲೆ ದೇಶ, ಉಳಿದ ಜಗತ್ತು ಕೊನೆಗೆ ಅಂದಿದ್ದರು. ಅದು ತಪ್ಪು ಅನ್ನೋ ಲೇಖನವೊಂದನ್ನ ಫೆಬ್ರವರಿಯಲ್ಲಿ ಪ್ರಿವೋಸ್ಟ್ ಅವರ ಖಾತೆಯಿಂದ ಹಂಚಲಾಗಿತ್ತು. ಅಂದರೆ ಜಗಳ ಇದ್ದಿದ್ದೇ 'ಯಾರ ಪೈಕಿ' ಅನ್ನೋದರ ಮೇಲೆ!

ಶುಕ್ರವಾರ ಸಂಜೆ ನಮ್ಮ ಪಕ್ಕದ ಬೀದಿಯ ಮಂಗಳೂರಿನ ಗೆಳೆಯನ ಮನೆಗೆ ಹೋದೆ. ನಾನು ಕ್ಯಾಥೊಲಿಕ್ ಅಲ್ಲ, ಆದರೆ ಅವನ ಮನೆಯಲ್ಲಿ ಇವತ್ತು ಹಬ್ಬ ಇರುತ್ತೆ ಅಂತ ಗೊತ್ತಿತ್ತು.

'ಹಬ್ಬ ಹೌದು ಮಾರಾಯ್ರೇ, ಜೊತೆಗೆ ಜಗಳ ಸಹ ಉಂಟು' ಅಂದ. ಕಾಲೇಜಿನಿಂದ ಬಂದಿದ್ದ ಮಗಳು ಖುಷಿಯಾಗಿರಲಿಲ್ಲ. ಸಲಿಂಗಿಗಳ ಬದುಕಿನ ಬಗ್ಗೆ ಪ್ರಿವೋಸ್ಟ್ 2012ರಲ್ಲಿ ಆಡಿದ್ದ ಟೀಕೆಯ ಮಾತು ಅವಳ ಕಣ್ಣಿಗೆ ಬಿದ್ದಿತ್ತು. ಅದಕ್ಕಿಂತ ಹೆಚ್ಚಾಗಿ, ಪಾದ್ರಿಗಳಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಸಂಘಟನೆ 'ಸ್ನ್ಯಾಪ್' ಎತ್ತಿದ್ದ ಪ್ರಶ್ನೆ. ಅವರು ಶಿಕಾಗೋದಲ್ಲಿ ಅಗಸ್ಟೀನಿಯನ್ ಸಭೆಯ ಮುಖ್ಯಸ್ಥರಾಗಿದ್ದಾಗ, ಪೆರುವಿನ ಚಿಕ್ಲಾಯೊದಲ್ಲಿ ಬಿಷಪ್ ಆಗಿದ್ದಾಗ, ಬಂದ ದೂರುಗಳಿಗೆ ಏನು ಮಾಡಿದರು ಅಂತ. ಚಿಕ್ಲಾಯೊದ ಚರ್ಚು ಆರೋಪ ತಳ್ಳಿಹಾಕಿತ್ತು. ಪೆರುವಿನಲ್ಲಿ ಇಂಥ ದೌರ್ಜನ್ಯಗಳನ್ನ ಬಯಲಿಗೆಳೆದ ಪತ್ರಕರ್ತರೇ, ಅವರು ನೊಂದವರ ಜೊತೆ ನಿಂತಿದ್ದರು ಅಂತಲೂ ಹೇಳಿದ್ದರು.

'ಅಷ್ಟು ಒಳ್ಳೆ ಮನುಷ್ಯನ ಬಗ್ಗೆ ಮೊದಲ ದಿನವೇ ಇದೆಲ್ಲ ಬೇಕಾ?' ಅಂತ ಅಪ್ಪ.

'ನಮ್ಮವರು ಅಂತ ಕೇಳದೇ ಬಿಟ್ಟಿದ್ದಕ್ಕೇ ಅಲ್ವಾ ಅಷ್ಟು ವರ್ಷ ಯಾರಿಗೂ ಗೊತ್ತಾಗದೇ ಹೋಗಿದ್ದು?' ಅಂದಳು ಮಗಳು.

ಗೆಳೆಯ ಸುಮ್ಮನಾದ. ನಾನೂ.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದರೆ ಅವಳಿಗೂ ಸುದ್ದಿ ತಲುಪಿತ್ತು. 'ಏನೋ, ಪೋಪ್ ನಿಮ್ಮೂರಿನವರಂತೆ?' ಅಂದಳು. ನಗ್ತಾ ಹೂಂ ಅಂದೆ. ಆದರೆ ಆ 'ನಿಮ್ಮೂರು' ಎಲ್ಲೋ ಚುಚ್ಚಿತು. ಇಲ್ಲಿಯ ಪೌರತ್ವ ತಗೊಂಡು ನೀಲಿ ಪಾಸ್‌ಪೋರ್ಟನ್ನ ವಾಪಸ್ ಕೊಟ್ಟ ವರ್ಷ ಮಾವ, 'ಹಾಗಾದ್ರೆ ಇನ್ನು ನೀನು ಅವರ ಪೈಕಿ' ಅಂದಿದ್ದ. ತಮಾಷೆಗೇ ಅಂದಿದ್ದು, ಆದರೂ ಅಮ್ಮ ಅವತ್ತು ನಗಲಿಲ್ಲ.

ಆ ರಾತ್ರಿ ಪೋಪ್ ಅವರ ಮೊದಲ ಭಾಷಣವನ್ನ ಮತ್ತೆ ಹಾಕಿ ನೋಡಿದೆ. ಇಟಾಲಿಯನ್‌ನಲ್ಲಿ ಶಾಂತಿ ಹಾರೈಸಿ ಶುರು ಮಾಡಿದರು. ನಡುವೆ ಸ್ಪ್ಯಾನಿಷ್‌ಗೆ ತಿರುಗಿ ತಮ್ಮ ಚಿಕ್ಲಾಯೊದ ಜನರನ್ನ ನೆನೆದರು. ಆಶೀರ್ವಾದ ಲ್ಯಾಟಿನ್‌ನಲ್ಲಿ. ಇಂಗ್ಲಿಷಿನ ಒಂದೇ ಒಂದು ಮಾತಿಲ್ಲ! ಇದಕ್ಕೆ ಇಲ್ಲಿ ಕೆಲವರಿಗೆ ಸಿಟ್ಟು ಬಂದಿತ್ತು. ನಿಜ ಹೇಳಬೇಕಂದ್ರೆ ನನಗೂ ಮಧ್ಯಾಹ್ನ, ಶಿಕಾಗೋಗೆ ಒಂದು ನಮಸ್ಕಾರ ಹೇಳಿದ್ರೆ ಗಂಟೇನು ಹೋಗ್ತಿತ್ತು ಅನ್ನಿಸಿತ್ತು. ನಾನೂ ಅದೇ ಪಂಕ್ತಿಯಲ್ಲಿ ಕೂತಿದ್ದೆ, ನೋಡಿ!

ಅವರು ಪೆರುವಿಗೆ ಮೊದಲು ಹೋಗಿದ್ದು 1985ರಲ್ಲಿ. 2015ರಲ್ಲಿ ಅಲ್ಲಿಯ ಪೌರತ್ವ ಪಡೆದರು. ಅಲ್ಲಿ ಬಿಷಪ್ ಆಗೋಕೆ ಅದು ಬೇಕಿತ್ತು. ನಾನೂ ಅನುಕೂಲಕ್ಕೆ ಅಂತಲೇ ತಗೊಂಡವನು, ಅದರಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ಆಮೇಲಿನದ್ದರಲ್ಲಿ. ಚಿಕ್ಲಾಯೊದ ಜನ ಬೀದಿಗಿಳಿದು ಸಂಭ್ರಮಿಸಿದ್ದು ಆ ಪಾಸ್‌ಪೋರ್ಟಿಗಲ್ಲ, ಪ್ರವಾಹ ಬಂದಾಗ ಬೂಟು ಹಾಕಿಕೊಂಡು ಕೆಸರಿಗಿಳಿದವರು ಅನ್ನೋ ನೆನಪಿಗೆ. ಇಪ್ಪತ್ತು ವರ್ಷದಿಂದ ಇಲ್ಲಿರೋ ನಾನು ಇಲ್ಲಿಯ ಯಾರ ಕೆಸರಿಗೆ ಇಳಿದಿದ್ದೇನೆ?

ಆಮೇಲೂ ಎರಡೂ ಕಡೆಯವರಿಗೆ ಅವರು ಪೂರ್ತಿ ಸಿಕ್ಕಿಲ್ಲ. 2025ರ ಸೆಪ್ಟೆಂಬರ್ ಕೊನೆಯಲ್ಲಿ, ಗರ್ಭಪಾತ ವಿರೋಧಿಸುತ್ತಲೇ ವಲಸಿಗರನ್ನ ಅಮಾನವೀಯವಾಗಿ ನಡೆಸಿಕೊಳ್ಳೋದಕ್ಕೆ ಒಪ್ಪುವವರು ಜೀವದ ಪರವೇ ಅಂತ ಪ್ರಶ್ನಿಸಿದಾಗ, ಮೊದಲು ನಮ್ಮವರು ಅಂದವರಲ್ಲಿ ಹಲವರು ಮುಖ ತಿರುಗಿಸಿದರು. ಗೆಳೆಯನ ಮಗಳು ಮಾತ್ರ ಇನ್ನೂ ಆ ಮೊದಲ ಪ್ರಶ್ನೆಗೇ ಅಂಟಿಕೊಂಡಿದ್ದಾಳೆ. ಊರು ಕೇಳಲ್ಲ, ಪೈಕಿ ಕೇಳಲ್ಲ, ದೂರುಗಳಿಗೆ ಏನು ಮಾಡಿದರು, ಏನು ಮಾಡ್ತಾರೆ ಅಂತ ಅಷ್ಟೇ ಕೇಳ್ತಾಳೆ. ಮುಂದಿನ ಸಲ ಊರಿನ ಮದುವೆಮನೆಯಲ್ಲಿ ನನ್ನ ಪಕ್ಕ ಕೂತವರು ಆ ಪ್ರಶ್ನೆ ಕೇಳಿದರೆ ನಾನೇನು ಹೇಳಲಿ ಅಂತ ಈಗಿನಿಂದಲೇ ಯೋಚನೆ ಶುರುವಾಗಿದೆ.