ತೂಕ ಗೊತ್ತು, ಹೆಸರು?

ಹೊಸಕೋಟೆ ಕಡೆ ಕೆರೆಯಲ್ಲಿ ದೊಡ್ಡ ಮೀನು ಸಿಕ್ಕರೆ ಸುದ್ದಿ ಹೇಗಿರುತ್ತೆ ಅಂತ ನಿಮಗೂ ಗೊತ್ತು: ‘ಬಲೆಗೆ ಬಿತ್ತು ದೈತ್ಯ ಮೀನು!’ ಎಷ್ಟು ಕೆಜಿ, ಎಷ್ಟು ಬೆಲೆ, ಹೆಗಲ ಮೇಲೆ ಹೊತ್ತ ಫೋಟೋ. ಅಷ್ಟೇ. ಕೆರೆಯ ಕಾಟ್ಲಾ ಆದರೆ ಪರವಾಗಿಲ್ಲ. ನಿಂತ ನೀರಲ್ಲಿ ಅದು ಸಾಮಾನ್ಯವಾಗಿ ಮೊಟ್ಟೆ ಇಡಲ್ಲ, ಮರಿ ತಂದು ಬಿಟ್ಟು ಬೆಳೆಸಿರ್ತಾರೆ.

ನದಿಯ ಲೆಕ್ಕ ಬೇರೆ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಅಂದ್ರೆ ಸುಮಾರು 54 ಕೆಜಿಯ ಮಹಶೀರ್ ಹಿಡಿದರು. ದಾಖಲೆ ಅಂದ್ರೆ ಇವತ್ತಿಗೂ ಅದನ್ನೇ ಹೇಳ್ತಾರೆ. ಆದರೆ ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ, ಬೆನ್ನು ಉಬ್ಬಿದ ಈ ಮಹಶೀರ್ ಯಾವ ಪ್ರಭೇದ ಅಂತ ವಿಜ್ಞಾನಿಗಳು ಗುರುತಿಸಿದ್ದು 2018ರಲ್ಲಿ: ಟಾರ್ ರೆಮಾದೇವಿ. ತೂಕ ಮೊದಲು, ಹೆಸರು 72 ವರ್ಷ ತಡ! ಅದೇ ವರ್ಷ ಐಯುಸಿಎನ್ ಅದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ, ಹೊರಗಿಂದ ತಂದು ಕಾವೇರಿಗೆ ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಾಗಿತ್ತು, ಇಲ್ಲಿಯದು ಕುಸಿದಿತ್ತು. ಎರಡನ್ನೂ ಬರೀ ‘ಮಹಶೀರ್’ ಅಂತ ಬರೆದರೆ ಓದುವವರಿಗೆ ಎಲ್ಲಾ ಚೆನ್ನಾಗಿದೆ ಅನ್ಸುತ್ತೆ.

ಲ್ಯಾಬ್‌ನಲ್ಲಿ ಒಂದೇ ರೀಡಿಂಗ್ ಬರ್ಕೊಂಡು ಹೋದರೆ ನಮ್ಮ ರೆಕಾರ್ಡ್‌ಗೆ ಸೈನ್ ಬೀಳಲ್ಲ. ಮೀನಿನ ರೆಕಾರ್ಡ್‌ಗೂ ಅದೇ ರೂಲ್ ಇರಲಿ. ಯಾವ ಜಾತಿ? ಇಲ್ಲಿಯದಾ, ತಂದು ಬಿಟ್ಟಿದ್ದಾ? ಇನ್ನೆಷ್ಟು ಉಳಿದಿವೆ? ಫಾರ್ವರ್ಡ್ ಮಾಡೋ ಮುಂಚೆ ಈ ಮೂರು ಪ್ರಶ್ನೆ ಕೇಳೋಣ. ಇಲ್ಲಾಂದ್ರೆ ಒಂದು ದಿನ ದಾಖಲೆ ಮಾತ್ರ ಉಳಿಯುತ್ತೆ, ಮೀನು ಇರಲ್ಲ.